ಮಂಚದ ಮೇಲಿನ ಸವತಿ

ಮೆಕ್ಯಾನಿಕ್ಕನ ಹೆಂಡತಿಗೆ ತಾವು ವಾಸವಿದ್ದ ಬೋಟಿನ ಬ್ಯಾಟರಿಯನ್ನು ಕಂಡರೆ ಆಗುತ್ತಿರಲಿಲ್ಲ. ಆಗುವುದಾದರೂ ಹೇಗೆ? ಚಳಿಗಾಲ ಬಂತೆಂದರೆ ಗಂಡ ಅದನ್ನು ಹಿಂಬದಿಯ ಪೆಟ್ಟಿಗೆಯಿಂದ ಎತ್ತಿ ತಂದು, ಹಳೇ ರಗ್ಗು ಸುತ್ತಿ, ಮಂಚದ ಮೇಲೆ ತಮ್ಮಿಬ್ಬರ ನಡುವೆ ಮಲಗಿಸುತ್ತಿದ್ದ. ಏಳು ಚಳಿಗಾಲವೂ ಇದೇ ಕಥೆ.

"ಏನ್ರೀ ಇದು, ಸವತಿ ತಂದು ಪಕ್ಕದಲ್ಲೇ ಮಲಗಿಸ್ತೀರಲ್ಲ?"

"ಅದಕ್ಕೆ ಚಳಿ ಆಗುತ್ತೆ ಕಣೇ."

"ನನಗೇನು ಆಗಲ್ವಾ?"

ಅವನು ತನ್ನ ಕಡೆಯ ಕಂಬಳಿಯನ್ನೂ ಎಳೆದು ಅವಳಿಗೆ ಹೊದಿಸಿ ಅತ್ತ ತಿರುಗುತ್ತಿದ್ದ. ಮಹಾ ಮಾತಿನ ಜಿಪುಣ. ಒಂದು ವಿಷಯವನ್ನು ಬಿಡಿಸಿ ಹೇಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ ಅವನಿಗೆ.

ಅಂಥವನು ಮಳೆ ನಿಲ್ಲುವ ಹೊತ್ತಿಗೆ, ಎಂಜಿನ್ನಿನ ಮುಂದೆ ಕೂತವನು ಕೂತಂತೆಯೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಬೋಟೇ ಮನೆ. ಚಳಿ ಹೆಚ್ಚಿದಾಗ ದಡದ ಕಟ್ಟೆಗೆ ಕಟ್ಟಿದ್ದ ಉಳಿದ ಬೋಟುಗಳವರೆಲ್ಲ ಬಾಗಿಲು ಹಾಕಿಕೊಂಡು ಊರೊಳಗೆ ಸೇರಿದರು. ಇವಳೊಬ್ಬಳೇ ಉಳಿದಳು. ಸವತಿಯನ್ನು ಈ ಸಲ ಹೊರಗಿನ ಪೆಟ್ಟಿಗೆಯಲ್ಲೇ ಬಿಟ್ಟಳು. ಮಂಚದ ತಲೆಗಡೆ ಅವನು ಕೊರೆದಿದ್ದ ತೂತಿನಿಂದ ಗಾಳಿ ನುಗ್ಗುತ್ತಿತ್ತು, ಅದಕ್ಕೆ ಬಟ್ಟೆ ತುರುಕಿ ಮಂಚದ ನಟ್ಟನಡುವೆ ಮಲಗತೊಡಗಿದಳು. ಜಾಗ ಬೇಕಾದಷ್ಟಿತ್ತು. ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ.

ಬೋಟು ಕಟ್ಟಿದ್ದ ಹಗ್ಗಗಳು ಚಳಿಗೆ ಕೋಲಿನಂತೆ ಸೆಟೆದುಕೊಂಡ ವಾರ ದೀಪ ಮಂಕಾಗಿ, ಮಂಕಾಗಿ, ಆರಿಯೇ ಹೋಯಿತು. ನೋಡಲು ಬಂದ ಅವಳ ತಮ್ಮ, ಅಕ್ಕನನ್ನು ಮೇಣದಬತ್ತಿಯ ಮುಂದೆ ಕಂಡು ಕೆಂಡವಾದ.

"ಸಾಕು ಬಾ ಅಕ್ಕ. ಭಾನುವಾರ ಮಧ್ಯಾಹ್ನ ಬರ್ತೀನಿ. ಅಷ್ಟರಲ್ಲಿ ಈ ಲೈಟು ಹತ್ತಿದ್ರೆ ನಿನ್ನಿಷ್ಟ, ನಾನು ಬಾಯಿ ಬಿಡಲ್ಲ. ಇಲ್ದಿದ್ರೆ ಗಂಟುಮೂಟೆ ಕಟ್ಟಿ ನಮ್ಮನೆಗೆ ಬರ್ಬೇಕು. ಬೋಟು ಮಾರಿಬಿಡೋಣ."

"ಆಗ್ಲಿ ಹೋಗೋ" ಎಂದಳು ಜಂಬದಿಂದ. ಅವನು ಹೋದ ಮೇಲೆ ಬೋಟನ್ನೆಲ್ಲ ಒಂದು ಸುತ್ತು ನೋಡಿದಳು. ಈ ಬೋಟಿನಲ್ಲಿ ಗಂಡನ ಕೈ ತಾಗದ ಒಂದು ಮೊಳೆಯೂ ಇಲ್ಲ. ಇದನ್ನು ಮಾರಿದರೆ ಅವನು ಇನ್ನೊಂದು ಸಲ ಸತ್ತಂತೆ.

ಶನಿವಾರ ಬೆಳಿಗ್ಗೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಚಾವಣಿ ಹತ್ತಿ ಸೋಲಾರ್ ಪ್ಯಾನೆಲ್ಲಿನ ಮೇಲಿನ ಮಂಜುಗಡ್ಡೆ ಒರೆಸಿದಳು. ಇಳಿದು ಬಂದು ಚಾರ್ಜಿಂಗ್ ಮೀಟರ್ ನೋಡಿದರೆ, ಸೊನ್ನೆ. ಮತ್ತೆ ಹತ್ತಿ ಒರೆಸಿದಳು. ಸೊನ್ನೆ ಜಗ್ಗಲಿಲ್ಲ. ಕೊನೆಗೆ ಕಟ್ಟೆಯ ಆಚೆಗಿದ್ದ ವರ್ಕ್‌ಶಾಪಿಗೆ ನಡೆದಳು. ಬ್ಯಾಟರಿ ಮಾರಿದವನು ಅಲ್ಲಿ ಗ್ರೀಸು ಕೈಯಲ್ಲೇ ಬ್ರೆಡ್ಡು ತಿನ್ನುತ್ತಿದ್ದ.

"ಬ್ಯಾಟರಿ ಸತ್ತುಹೋಯ್ತಪ್ಪ."

"ಲಿಥಿಯಂ ಅಷ್ಟು ಸುಲಭಕ್ಕೆ ಸಾಯಲ್ಲಮ್ಮ. ಎಲ್ಲಿಟ್ಟಿದ್ದೀರಿ?"

"ಹೊರಗೆ, ಪೆಟ್ಟಿಗೇಲಿ."

"ಅದಕ್ಕೇ ಮತ್ತೆ! ಅದು ಮಂಜುಗಡ್ಡೆ ಥರ ತಣ್ಣಗಾದ್ರೆ ಇದ್ದಿದ್ದನ್ನ ಕೊಡುತ್ತೆ, ಹೊಸದಾಗಿ ತಗೊಳ್ಳಲ್ಲ. ಬಲವಂತವಾಗಿ ತುಂಬಿದ್ರೆ ಒಳಗೇ ಹಾಳಾಗುತ್ತೆ. ಅದಕ್ಕೇ ಅದು ತಾನಾಗೇ ಬಾಯಿ ಮುಚ್ಚಿಕೊಳ್ಳೋ ಹಾಗೆ ಮಾಡಿರ್ತಾರೆ. ಬೆಚ್ಚಗೆ ಮಾಡಿ, ಆಮೇಲೆ ಬಿಸಿಲು ಕುಡಿಸಿ. ಯಜಮಾನ್ರು ಎಲ್ಲಿಡ್ತಿದ್ರು?"

ಅವಳ ಕಿವಿ ಬಿಸಿಯಾಯಿತು. "ಮಂಚದ ಮೇಲೆ."

"ಬುದ್ಧಿವಂತ್ರು. ನಿಮಗೆ ಹೇಳಿರ್ಲಿಲ್ವಾ?"

ಹೇಳಿದ್ದ. ಏಳು ವರ್ಷ ಅದನ್ನೇ ಹೇಳಿದ್ದ. ಅವಳೇ ತಮಾಷೆ ಅಂದುಕೊಂಡಿದ್ದಳು. ದಾರಿಯುದ್ದಕ್ಕೂ ಅತ್ತಳು. ಆ ಖಾಲಿ ಕಟ್ಟೆಯ ಮೇಲೆ ಕಣ್ಣೊರೆಸಿಕೊಳ್ಳುವ ಅಗತ್ಯವೂ ಇರಲಿಲ್ಲ.

ಹನ್ನೆರಡು ಕೆಜಿ ಭಾರವನ್ನು ತಬ್ಬಿಕೊಂಡು ಒಳಗೆ ತಂದಳು. ಮಂಚದ ಮೇಲೆ ಅವನ ಜಾಗದಲ್ಲಿಟ್ಟು ರಗ್ಗು ಸುತ್ತಿದಳು, ಕಟ್ಟಿಗೆ ಒಲೆ ಉರಿಸಿದಳು. ಪ್ಯಾನೆಲ್ಲಿನ ವೈರು ಮಾತ್ರ ಎಲ್ಲಿಂದ ಎಳೆಯುವುದೋ ತಿಳಿಯಲಿಲ್ಲ. ಆಗ ತೂತಿನ ನೆನಪಾಯಿತು. ಬಟ್ಟೆ ಕಿತ್ತು ಕೈ ಹಾಕಿದರೆ, ಅವನು ಸುರುಳಿ ಸುತ್ತಿ ಸಿಕ್ಕಿಸಿದ್ದ ವೈರು ಬೆರಳಿಗೆ ತಗುಲಿತು. ತುದಿಗಳಿಗೆ ಕೆಂಪು ಟೇಪು, ಕಪ್ಪು ಟೇಪು. ಬಣ್ಣ ನೋಡಿ ಬ್ಯಾಟರಿಗೆ ಜೋಡಿಸಿದಳು, ತಪ್ಪು ಮಾಡಬೇಕೆಂದರೂ ಆಗುವಂತಿರಲಿಲ್ಲ.

ಹನ್ನೊಂದಾಯಿತು, ಸೊನ್ನೆ. ಹನ್ನೆರಡಾಯಿತು, ಸೊನ್ನೆ. ಮೂರೂವರೆಗೆಲ್ಲ ಬಿಸಿಲು ಗುಡ್ಡದ ಹಿಂದೆ ಹೋಗಿಬಿಡುತ್ತದೆ. "ಏ ಮಹಾರಾಯ್ತಿ, ಮುನಿಸು ಬಿಡೇ, ತಪ್ಪಾಯ್ತು" ಎಂದು ಬ್ಯಾಟರಿಯ ಮುಂದೆ ಕೈ ಮುಗಿದಳು. ಮಧ್ಯಾಹ್ನ ಒಂದು ದಾಟಿದ ಮೇಲೆ ಮೀಟರಿನಲ್ಲಿ ಒಂದರ ಅಂಕೆ ಮೂಡಿತು. ನೋಡನೋಡುತ್ತ ಮೂರು, ಆಮೇಲೆ ಆರು.

ಭಾನುವಾರ ತಮ್ಮ ಎರಡು ಖಾಲಿ ಸೂಟ್‌ಕೇಸ್ ಹಿಡಿದೇ ಬಂದ. ಸ್ವಿಚ್ಚು ಒತ್ತಿದ. ದೀಪ ಝಗ್ಗನೆ ಹತ್ತಿತು. ಅವನ ಕಣ್ಣು ಮಂಚದ ಮೇಲೆ ಬಿತ್ತು.

"ಇದ್ಯಾರಕ್ಕ, ಹೊದ್ದು ಮಲಗಿರೋದು?"

"ನಿನ್ನ ಭಾವನ ಎರಡನೇ ಸಂಸಾರ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ತಮ್ಮ ಆಡಿದ ಮಾತಿಗೆ ತಪ್ಪುವವನಲ್ಲ. ಚಹಾ ಕುಡಿದು, ಖಾಲಿ ಸೂಟ್‌ಕೇಸ್ ಎತ್ತಿಕೊಂಡು ಹೊರಟ. ಇನ್ನೊಂದು ಸಲ ಮನೆಗೆ ಕರೆಯುತ್ತಾನೇನೋ ಎಂದು ಅವಳು ಬೋಟಿನಿಂದ ಕಟ್ಟೆಗೆ ಹಾಸಿದ್ದ ಹಲಗೆಯ ತುದಿಯವರೆಗೂ ಹೋದಳು. ಅವನು ಕರೆಯಲಿಲ್ಲ. ಗೆದ್ದವಳನ್ನು ಯಾರು ಕರೆಯುತ್ತಾರೆ?

ಒಳಗೆ ಬಂದು, ರಾತ್ರಿಯಾದ ಮೇಲೆ ದೀಪ ಆರಿಸಿದಳು. ಮಂಚದ ನಡುವಿಗೆ ಹೋಗದೆ, ಹಳೆಯ ರೂಢಿಯಂತೆ ಗೋಡೆಯ ಕಡೆಗೆ ಸರಿದು ಮಲಗಿದಳು.

"ನನಗೂ ಚಳಿ ಆಗುತ್ತೆ ಕಣ್ರೀ" ಎಂದಳು ಗಟ್ಟಿಯಾಗಿ.

ಸ್ವಲ್ಪ ಹೊತ್ತು ಕಾದು, ಕಂಬಳಿಯನ್ನು ತಾನೇ ಎಳೆದು ಹೊದ್ದುಕೊಂಡಳು.