ನರ್ಸಬಾಯಿಯ ಮನೆಗೆ ಹಂಚು

ಗಂಗೆ ಪಂಚಾಯ್ತಿ ಅಧ್ಯಕ್ಷೆಯಾದ ವರ್ಷ ಅವಳ ತಮ್ಮ ಕೆರಿಯನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಲಾಗಿತ್ತು. ಶಿರಸಿ ಕಡೆಯ ಎಕ್ಕಂಬಿಯಿಂದ ಒಳಗೆ ತಿರುಗುವ ಆ ಸಣ್ಣ ಊರಿನಲ್ಲಿ ಇದು ಯಾರಿಗೂ ಗುಟ್ಟಾಗಿರಲಿಲ್ಲ. ಕೆರಿಯ ಮೂವತ್ತು ದಾಟಿದವನು, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವುದರಲ್ಲಿ ಹೆಸರಾದವನು. ಒಂದು ದಿನ ಮರದ ತುದಿಯಲ್ಲಿದ್ದಾಗ ಯಾರೋ ತನ್ನನ್ನು ಕರೆಯುತ್ತಿದ್ದಾರೆಂದು ಕೂಗಾಡಿದ. ಆಮೇಲೆ ಆ ದನಿ ಅವನನ್ನು ಬಿಡಲಿಲ್ಲ.

ತಾಯಿ ತೀರಿಕೊಂಡ ಮೇಲೆ ಗಂಗೆ ಅವನನ್ನು ತನ್ನ ಮನೆಗೆ ಕರೆತಂದಳು. ಗಂಡ ಮನೋಹರ ಬೇಡ ಅನ್ನಲಿಲ್ಲ. ಗದ್ದೆಗೆ ಹೋಗುವಾಗ ಮಾತ್ರ ಕಟ್ಟಿಹಾಕಿಯೇ ಹೋಗಬೇಕೆಂದ. ಗಂಟನ್ನು ಗಂಗೆಯೇ ಹಾಕುತ್ತಿದ್ದಳು. ಬೇರೆಯವರು ಬಿಗಿದರೆ ಅವನ ಮಣಿಕಟ್ಟು ಹುಣ್ಣಾಗುತ್ತಿತ್ತು.

ಅಧ್ಯಕ್ಷೆಯ ಕುರ್ಚಿ ಅವಳಿಗೆ ಮೀಸಲಾತಿಯಿಂದ ಬಂದದ್ದು. ಸಭೆಯಲ್ಲಿ ಅವಳ ಪರವಾಗಿ ಮಾತಾಡುತ್ತಿದ್ದವನು ಬಾಗಿಲ ಬಳಿ ಕೂರುತ್ತಿದ್ದ ಮನೋಹರ. ಅವಳದು ಸಹಿ ಮಾತ್ರ.

ಆ ಬೇಸಿಗೆಯಲ್ಲಿ ಕೆರಿಯ ಹಗ್ಗ ಬಿಚ್ಚಿಕೊಂಡು ಹೋಗಿ ಊರಿನ ಕುಡಿಯುವ ನೀರಿನ ಬಾವಿಗೆ ಇಳಿದ. ಒಳಗೇ ನಿಂತು ಮೈ ತೊಳೆಯುತ್ತಿದ್ದವನನ್ನು ಏಣಿ ಇಳಿಬಿಟ್ಟು ಮೇಲೆ ತರಬೇಕಾಯಿತು. ಊರಿನಲ್ಲಿ ಅದಕ್ಕೂ ಮೊದಲೇ ವಾಂತಿ-ಭೇದಿ ಶುರುವಾಗಿತ್ತು. ಆದರೂ ತಪ್ಪೆಲ್ಲ ಅವನ ತಲೆಗೆ ಬಂತು. ಮುಂದಿನ ಸಭೆಯಲ್ಲಿ ಬೇರೆ ಯಾವ ವಿಷಯಕ್ಕೂ ಮೊದಲು ಅದೇ ಮಾತು ಎದ್ದಿತು.

ಹಿರಿಯ ಸದಸ್ಯ ವೆಂಕಟ್ರಮಣ ಹೆಗಡೆಯವರು ಮೆತ್ತಗೆ ಹೇಳಿದರು: "ಕೆಟ್ಟ ಮನಸ್ಸಿಂದ ಹೇಳೂದಲ್ಲ ಗಂಗಾ. ಹುಬ್ಬಳ್ಳಿ ಕಡೆ ಹೋಗೂ ಲಾರಿ ಹತ್ತಿಸಿ ಬಿಡುವಾ. ಅಲ್ಲಿ ಮಠಗಿಠ ಅದೆ, ಊಟಕ್ಕೆ ತೊಂದ್ರೆ ಇಲ್ಲ. ಊರೇ ಹೆದರ್ಕಂಡು ಎಷ್ಟು ದಿನ ಇರೂದು?"

ಮನೋಹರ ತಲೆ ತಗ್ಗಿಸಿದ. ಗಂಗೆ ಆ ಕೋಣೆಯಲ್ಲಿ ಮೊದಲ ಸಲ ಬಾಯಿ ತೆರೆದಳು.

"ಅವ ನನ್ನ ತಮ್ಮ, ಹೆಗಡೇರೆ. ಲಾರಿ ಹತ್ತಿಸೂದಾದ್ರೆ ನನ್ನೂ ಹತ್ತಿಸಿ. ಇಲ್ದಿದ್ರೆ ಸ್ವಲ್ಪ ತಡೀರಿ, ಧಾರವಾಡಕ್ಕೆ ಕರ್ಕಂಡು ಹೋಗಿ ತೋರಿಸ್ತೆ."

ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ಅವನನ್ನು ಕೆಲವು ವಾರ ಇಟ್ಟುಕೊಂಡರು. ಕಳಿಸುವಾಗ ಡಾಕ್ಟರು, "ತಿಂಗಳಿಗೊಂದು ಇಂಜೆಕ್ಷನ್ ತಪ್ಪಿಸಬಾರದ್ರಿ. ನಿಮ್ಮೂರಾಗ ನರ್ಸ್ ಇಲ್ಲೇನು?" ಎಂದರು.

ನರ್ಸ್ ಇದ್ದರು. ಹೊನ್ನಾವರ ಕಡೆಯ ಫಿಲೋಮಿನಾ ಬಾಯಿ. ಆದರೆ ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸಿಗೆಂದೇ ಇದ್ದ ಮನೆಯ ಹಂಚಿನ ಮಾಡು ಕುಸಿದು ವರ್ಷಗಳಾಗಿದ್ದವು. ಅವರು ಶಿರಸಿಯಲ್ಲಿ ಬಾಡಿಗೆಗಿದ್ದು, ಬಸ್ಸು ಬಂದ ದಿನ ಬರುತ್ತಿದ್ದರು. ಮಳೆಗಾಲದಲ್ಲಿ ಬಸ್ಸೇ ಬರುತ್ತಿರಲಿಲ್ಲ.

ವರ್ಷದ ಕೆಲಸಗಳನ್ನು ತೀರ್ಮಾನಿಸುವ ಸಭೆ ಬಂತು. ಬಸ್ ನಿಲ್ದಾಣದ ಬಳಿ ಸ್ವಾಗತ ಕಮಾನು ಕಟ್ಟಿಸುವುದೆಂದು ಸದಸ್ಯರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಗಂಗೆ, "ಕಮಾನು ಇನ್ನೊಂದು ವರ್ಷಕ್ಕಿರಲಿ. ಮೊದಲು ನರ್ಸಬಾಯಿ ಮನೆಗೆ ಹಂಚು ಹೊದಿಸುವಾ, ಬಾವಿಗೆ ಕಟ್ಟೆ ಕಟ್ಟುವಾ" ಎಂದಳು.

"ಇದು ತಮ್ಮನ ಸಲುವಾಗಿ ಅಲ್ದಾ?" ಹೆಗಡೆಯವರು ಕೇಳಿದರು.

"ಅಲ್ಲ, ಅಲ್ಲ," ಎಂದು ಬಾಗಿಲಿಂದ ಮನೋಹರ ಗಡಿಬಿಡಿಯಲ್ಲಿ ಹೇಳಿದ.

"ನೀವು ಸುಮ್ನಿರಿ," ಎಂದಳು ಗಂಗೆ. "ಹೌದು ಹೆಗಡೇರೆ, ಅವನ ಸಲುವಾಗೇ. ಅವ ಇಲ್ದಿದ್ರೆ ಆ ಮನೆ ಮಾಡು ಬಿದ್ದದ್ದು ನನ್ನ ಕಣ್ಣಿಗೂ ಬೀಳ್ತಿರ್ಲಿಲ್ಲ. ಆದ್ರೆ ನರ್ಸಬಾಯಿ ಇಲ್ಲೇ ಉಳಿದ್ರೆ, ಕೆರಿಯಂಗೆ ಒಂದು ಸೂಜಿ ಚುಚ್ಚಿ ಬಾಗಿಲು ಹಾಕ್ಕಂತಾರಾ?"

ಮೊದಲು ಕೈ ಎತ್ತಿದವಳು ದುರ್ಗಿ ಎಂಬ ಸದಸ್ಯೆ. ಹಿಂದಿನ ಮಳೆಗಾಲದಲ್ಲಿ ಅವಳ ಸೊಸೆ ಶಿರಸಿಯ ದಾರಿಯಲ್ಲಿ ಜೀಪಿನೊಳಗೇ ಹೆತ್ತಿದ್ದಳು, ಕೂಸು ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಮತ್ತೆ ಕೆಲವರು ಎತ್ತಿದರು. ಹೆಗಡೆಯವರು ಎತ್ತಲಿಲ್ಲ. ಆದರೆ ಠರಾವು ಪಾಸಾದ ಮೇಲೆ ಅಡ್ಡಿಯನ್ನೂ ಮಾಡಲಿಲ್ಲ.

ಮಳೆ ಹಿಡಿಯುವ ಮೊದಲೇ ಹಂಚು ಏರಿತು. ಫಿಲೋಮಿನಾ ಬಾಯಿ ಒಂದು ಟ್ರಂಕು, ಎರಡು ಕೋಳಿ ಸಮೇತ ಬಂದು ಉಳಿದರು. ತಿಂಗಳು ತಿಂಗಳು ಕೆರಿಯನಿಗೆ ಇಂಜೆಕ್ಷನ್ ಬಿತ್ತು. ಅವನ ಕೂಗಾಟ ನಿಂತಿತು, ಜೊತೆಗೆ ಮಾತೂ ನಿಂತಿತು. ಕೈಕಾಲು ಮರಗಟ್ಟಿ, ಬಾಯಿಂದ ಜೊಲ್ಲು ಸುರಿಸುತ್ತ ಇಡೀ ಹಗಲು ಜಗಲಿಯಲ್ಲಿ ಕೂತಿರುತ್ತಿದ್ದ. ಇದ್ದ ಜೀವವನ್ನೂ ಅಕ್ಕನೇ ಹಾಳು ಮಾಡಿದಳು ಎಂದು ಜನ ಆಡಿಕೊಂಡರು. ಗಂಗೆಗೂ ಹಾಗೇ ಅನ್ನಿಸಿದ್ದುಂಟು. ಫಿಲೋಮಿನಾ ಬಾಯಿ ಧಾರವಾಡಕ್ಕೆ ಹೇಳಿ ಕಳಿಸಿ ಔಷಧಿಯ ಪ್ರಮಾಣ ಕಡಿಮೆ ಮಾಡಿಸಿದ ಮೇಲೆ ಅವನು ನಿಧಾನಕ್ಕೆ ಚೇತರಿಸಿಕೊಂಡ.

ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಮಣಿಕಟ್ಟಿನ ಕಲೆ ನೋಡಿಕೊಂಡ.

"ಅಕ್ಕ, ನನ್ನ ಕಟ್ಟಿದ್ದು ನೀನಾ?"

"ಹೌದು."

"ಎಂತಕ್ಕೆ?"

"ನೀ ಎಲ್ಲಾದ್ರೂ ಹೋಗಿಬಿಡ್ತೆ ಅಂತ ಹೆದ್ರಿಕೆ."

ಅವನು ಮಜ್ಜಿಗೆ ಕೇಳಿದ. ಗಂಗೆ ಬಡಿಸಿ, ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು.

ಕೆರಿಯ ಮತ್ತೆ ಮರ ಹತ್ತಲಿಲ್ಲ. ಹೆಗಡೆಯವರ ಮನೆಯಲ್ಲೇ ಅಡಿಕೆ ಒಣಗಿಸುವ ಕೆಲಸಕ್ಕೆ ಹೋಗತೊಡಗಿದ. ದನಿ ಪೂರ್ತಿ ಹೋಗಿಲ್ಲ, ದೂರ ಸರಿದಿದೆ ಎನ್ನುತ್ತಿದ್ದ. ಗಂಗೆಯ ಅವಧಿ ಮುಗಿದು ಕುರ್ಚಿ ಬೇರೆ ವರ್ಗಕ್ಕೆ ಹೋಯಿತು. ಹೊಸಬರು ಕಮಾನು ಕಟ್ಟಿಸಿದರು.

ಅದರ ಮರುವರ್ಷ ಫಿಲೋಮಿನಾ ಬಾಯಿಗೆ ವರ್ಗಾವಣೆಯಾಗಿ ಬೇರೊಬ್ಬ ನರ್ಸ್ ಬಂದರು. ಅವರು ಬಂದ ವಾರದಲ್ಲೇ ಕೆರಿಯ ಒಬ್ಬನೇ ಉಪಕೇಂದ್ರಕ್ಕೆ ಹೋಗಿ, ತನಗೆ ಯಾವ ಔಷಧಿ, ಯಾವಾಗ ಕೊಡಬೇಕು ಎಂಬುದನ್ನು ಹೇಳಿ ಬಂದ. ಗಂಗೆ ಆ ದಿನ ನಾಟಿಗೆ ಹೋಗಿದ್ದಳು. ಸಂಜೆ ಅವನೇ ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು.