ಸಾಹೇಬರು ಊಟ ಮಾಡುತ್ತಿಲ್ಲ

ಹಲ್ಲಿಮರಿಯನ್ನು ತಂದದ್ದು ನಾದಿನಿ. ಮನೆಮನೆ ತಿರುಗಿ ಕರೆಂಟ್ ಮೀಟರ್ ಓದುವುದು ಅವಳ ಕೆಲಸ. ಯಾರದೋ ಮನೆಯ ಮೆಟ್ಟಿಲ ಕೆಳಗೆ, ಮೀಟರಿನ ಪಕ್ಕದಲ್ಲೇ ಗಾಜಿನ ಪೆಟ್ಟಿಗೆ ಇತ್ತಂತೆ. ಒಣ ಮರಳು, ಖಾಲಿ ನೀರಿನ ಮುಚ್ಚಳ, ಎರಡು ದೊಡ್ಡ ಹಲ್ಲಿಗಳು, ಅವು ಕಚ್ಚಿ ಬಿಟ್ಟ ಈ ಮರಿ. ಸಾಕುವ ಜಾತಿಯದು, ಹಳದಿ ಮೈಮೇಲೆ ಕಪ್ಪು ಪಟ್ಟೆ. "ಬೇಕಾದ್ರೆ ತಗೊಂಡು ಹೋಗಿ, ಹೇಗೂ ಸಾಯುತ್ತೆ" ಎಂದರಂತೆ ಮನೆಯವರು.

"ನಿಂಗೇ ಅಂತ ತಂದೆ ಅತ್ತಿಗೆ. ಮನಸ್ಸಿಗೆ ಏನಾದ್ರೂ ಬೇಕಲ್ಲ."

ಗಂಡ ಹೋದ ಹನ್ನೊಂದು ತಿಂಗಳಲ್ಲಿ ನನ್ನ ಮನಸ್ಸಿಗೆಂದು ಜನ ತಂದುಕೊಟ್ಟದ್ದು ಒಂದು ಕಪಾಟು ತುಂಬ ಇದೆ. ಅದರಲ್ಲಿ ಸಾಯುವಂಥದ್ದು ಯಾವುದೂ ಇರಲಿಲ್ಲ. ಇದು ಸಾಯಬಹುದು. ನನ್ನ ಕೈಯಲ್ಲಿ ಮಾತ್ರ ಸಾಯಬಾರದು ಎನ್ನಿಸಿತು.

ಬಿಡದ ಹಳೆಯ ಪೊರೆ ಬೆರಳುಗಳಿಗೆ ದಾರದಂತೆ ಬಿಗಿದಿತ್ತು. ಎರಡು ಬೆರಳು ಆಗಲೇ ಕಪ್ಪಾಗಿದ್ದವು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಬಂದು, ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಅದರ ಕಾಲು ನೆನೆಸಿ, ಹತ್ತಿಕಡ್ಡಿಯಿಂದ ಒಂದೊಂದೇ ಬೆರಳು ಬಿಡಿಸಿದೆ. ಬಾಲದ ಗಾಯ ಒಣಗಿತು. ಮೂತಿಗೆ ನೀರಿನ ಹನಿ ತಾಕಿಸಿದರೆ ನೆಕ್ಕುತ್ತಿತ್ತು. ತಿನ್ನುವುದು ಮಾತ್ರ ಇಲ್ಲ.

ಪಶುವೈದ್ಯರಿಗೆ ಫೋನ್ ಮಾಡಿದೆ. "ತೂಕ ಎಷ್ಟು?" ಎಂದರು. ಮೂರು ಗ್ರಾಂ ಎಂದೆ. "ಬೆಚ್ಚಗಿಡಿ" ಎಂದು ಫೋನ್ ಇಟ್ಟುಬಿಟ್ಟರು.

ಹಕ್ಕಿ ಅಂಗಡಿಯಿಂದ ಹುಳುವಿನ ಡಬ್ಬಿ ತಂದು ಫ್ರಿಜ್ಜಿನಲ್ಲಿಟ್ಟೆ. ಅತ್ತೆ ಮೊಸರಿನ ಡಬ್ಬಿ ಎಂದು ಅದನ್ನೇ ತೆರೆದರು.

"ಅಯ್ಯೋ! ಇದು ಇಲ್ಲಿದ್ರೆ ನಾನು ಅಡುಗೆಮನೆಗೆ ಕಾಲಿಡಲ್ಲ, ಈಗಲೇ ಹೇಳಿದೀನಿ."

ಅರ್ಧ ಗಂಟೆಯಲ್ಲಿ ಅವರೇ ಬಂದು, "ತಿಂತಾ?" ಎಂದು ಕೇಳಿದರು.

ನಾದಿನಿ ಕೆಲಸದ ನಡುವೆ ಫೋನ್ ಮಾಡುತ್ತಿದ್ದಳು. "ಸಾಹೇಬ್ರ ಊಟ ಆಯ್ತಾ?"

ಸಾಹೇಬರು ಹುಳುವಿನ ಮೇಲೆ ಕಾಲಿಟ್ಟುಕೊಂಡು ನಿಂತಿದ್ದರು. ಚಿಮಟದಲ್ಲಿ ಚಿಕ್ಕದು ಹಿಡಿದೆ, ಜಜ್ಜಿ ಹಿಡಿದೆ, ಮೂತಿಗೆ ಸವರಿದೆ. ಮುಖ ತಿರುಗಿಸಿತು. ಒಂಬತ್ತನೆಯ ಸಂಜೆ ಚಿಮಟವನ್ನು ಗೋಡೆಗೆ ಎಸೆದೆ.

"ತಿನ್ನದೇ ಸಾಯಿ ಹಾಗಾದ್ರೆ!"

ಅತ್ತೆ ಚಿಮಟ ಹೆಕ್ಕಿಕೊಟ್ಟರು. ಮರಿಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು.

"ಇದು ಕಣ್ಣು ಬಿಟ್ಟಿದ್ದೇ ನಾನು ನೋಡಿಲ್ಲ ಕಣೇ."

"ಹಗಲು ಮಲಗೋ ಜಾತಿ ಅತ್ತೆ. ಬೆಳಕು ಆಗಲ್ಲ."

"ಬೆಳಗಿನ ಜಾವ ಎದ್ದಾಗಲೂ ನೋಡಿದೀನಲ್ಲ. ಓಡಾಡ್ತಿರುತ್ತೆ, ಕಣ್ಣು ಮುಚ್ಚೇ ಇರುತ್ತೆ. ಊರಿನೋರ ಕಣ್ಣೆಲ್ಲ ನೋಡ್ತೀಯ, ಇದರದ್ದು ನೋಡಿದ್ಯಾ?"

ನೋಡಿರಲಿಲ್ಲ. ಮಲಗಿದೆ ಎಂದುಕೊಂಡಿದ್ದೆ. ಗಂಡ ಹೋದ ದಿನವೂ ಅಷ್ಟೇ. ತಲೆನೋವೆಂದು ಮಲಗಿದವನನ್ನು ಎಬ್ಬಿಸುವುದು ಬೇಡವೆಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಕೆಲಸಕ್ಕೆ ಹೋಗಿದ್ದೆ.

ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿಗೆ, ಅಂಗಡಿಯ ಒಳಕೋಣೆಯಲ್ಲಿ ಅದನ್ನು ಕಣ್ಣು ಪರೀಕ್ಷಿಸುವ ಯಂತ್ರದ ಮುಂದೆ ಇಟ್ಟೆ. ಅಷ್ಟರಲ್ಲಿ ಅಂಗಡಿಯ ಯಜಮಾನರು ಬಂದರು.

"ಗಿರಾಕಿ ಗಲ್ಲ ಇಡೋ ಜಾಗ ಕಣಮ್ಮ ಅದು!"

"ಒರೆಸ್ತೀನಿ ಸರ್."

"ಒರೆಸೋದಲ್ಲ, ತೊಳಿ." ಹಾಗೆಂದು ತಾವೇ ಮೇಜಿನ ಮೇಲೆ ಮೊಣಕೈ ಊರಿ, ಎರಡು ಬೆರಳಲ್ಲಿ ಅದನ್ನು ಹಿಡಿದುಕೊಂಡರು. "ಬೇಗ ಮುಗಿಸು. ಕಚ್ಚುತ್ತಾ?"

"ಕಚ್ಚಿದ್ರೆ ಸಂತೋಷ."

ಉಪ್ಪುನೀರಿನ ಹನಿ ಬಿಟ್ಟು ಕಾದೆ. ಬಲರೆಪ್ಪೆ ಎತ್ತಿದೆ. ಒಳಗೆ ಈರುಳ್ಳಿಯ ಒಳಪದರದಂಥ ಪೊರೆ, ಒಂದರ ಮೇಲೊಂದು. ನೆನೆಸಿ ನೆನೆಸಿ, ಒದ್ದೆ ಹತ್ತಿಯ ತುದಿಗೆ ಸುತ್ತಿ ಎಳೆದೆ. ಬಂತು. ಬೆಳಕು ಬಿಟ್ಟಾಗ ಪಾಪೆ ಸಣ್ಣ ಗೀರಾಯಿತು. ಕಣ್ಣಿದೆ.

ಎಡಗಣ್ಣಿನ ಪೊರೆಯೂ ಬಂತು. ಅದರ ಕೆಳಗೆ ಬಿಳಿ ಹುಣ್ಣು, ನಡುವೆ ಕುಳಿ. ಎಷ್ಟು ಹೊತ್ತು ನೋಡಿದರೂ ಪಾಪೆ ಕಾಣಲಿಲ್ಲ. ಇದು ಒಂಬತ್ತು ದಿನದಲ್ಲಿ ಆದದ್ದೋ, ಮೊದಲೇ ಆಗಿತ್ತೋ, ಹೇಳಲು ಬರುವುದಿಲ್ಲ. ನಾನು ಓದಿದ್ದು ಕಣ್ಣಿನ ಬಗ್ಗೆಯೇ, ಆದರೂ ಹೇಳಲು ಬರುವುದಿಲ್ಲ.

ಮನೆಯಿಂದ ತಂದಿದ್ದ ಹುಳು ಹಿಡಿದೆ. ಕತ್ತು ಓರೆ ಮಾಡಿ ನೋಡಿತು. ನೆಗೆದು, ಒಂದು ಬೆರಳಗಲ ಈಚೆಗೆ ಗಾಳಿ ಕಚ್ಚಿತು. ಮತ್ತೆ ನೆಗೆಯಿತು, ಮತ್ತೆ ಗಾಳಿ.

"ಇಲ್ಲೇ ಇದೆಯಲ್ಲೋ ಕತ್ತೆ!"

ಯಜಮಾನರು ನನ್ನ ಮುಖ ನೋಡಿದರು. "ಒಂದೇ ಕಣ್ಣಮ್ಮ ಅದಕ್ಕೆ. ದೂರ ಹೇಗೆ ಗೊತ್ತಾಗ್ಬೇಕು? ಗಿರಾಕಿಗಳಿಗೆ ನೀನೇ ಹೇಳ್ತೀಯಲ್ಲ."

ಹುಳುವನ್ನು ಬಲಕ್ಕೆ ತಂದು ತುಟಿಗೇ ತಾಗಿಸಿದೆ. ಕಚ್ಚಿತು. ಚಿಮಟದ ತುದಿಯನ್ನೂ ಸೇರಿಸಿ ಕಚ್ಚಿ, ಬಿಡದೆ ಜಗ್ಗಿತು. ನುಂಗಿತು.

ಅತ್ತೆಗೆ ಫೋನ್ ಮಾಡಿದೆ.

"ಎಷ್ಟು ತಿಂತು?"

"ಒಂದು."

"ಒಂದೇನಾ? ಇನ್ನೊಂದು ಕೊಡೇ!"

ಎರಡನೆಯದಕ್ಕೆ ಬಾಯಿ ಬಿಗಿದು ಮುಖ ತಿರುಗಿಸಿತು. ಹೊರಗೆ ಯಾರೋ ಕನ್ನಡಕ ಕೇಳುತ್ತಿದ್ದರು. "ಐದು ನಿಮಿಷ ಕೂತ್ಕೊಳ್ಳಿ" ಎಂದು ಕೂಗಿ, ಹುಳುವನ್ನು ಸುತ್ತ ತಂದು ಮತ್ತೆ ಬಲಗಣ್ಣಿನ ಎದುರಿಗೆ ಹಿಡಿದೆ.