ಇಳಕಲ್ಲಿಗೆ ಬಂದ ಜಾಝ್

ಶಿವಸಂಗಪ್ಪ ಮೂರನೆಯ ಹಾಳೆಯನ್ನೂ ಹರಿದು ಹಾಕಿದ. ‘ಅರ್ಥಹೀನತೆಯ ಸಮರ್ಥ ಅಭಿವ್ಯಕ್ತಿ’ ಎಂದು ಬರೆದಿದ್ದ. ಓದಿ ನೋಡಿದರೆ ಹೋದ ವರ್ಷ ಯಾವುದೋ ನಾಟಕದ ಬಗ್ಗೆಯೂ ಇದನ್ನೇ ಬರೆದ ನೆನಪಾಯಿತು. ಹನ್ನೊಂದರ ಹುಬ್ಬಳ್ಳಿ ಬಸ್ಸಿಗೆ ಪತ್ರಿಕೆಯ ಲಕೋಟೆ ಹೋಗಬೇಕು. ಆಗಲೇ ಒಂಬತ್ತೂವರೆ.

ಶಿವಸಂಗಪ್ಪ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರ, ಪತ್ರಿಕೆಗೆ ಸಂಗೀತ ವಿಮರ್ಶಕ. ನಿನ್ನೆ ಸಂಜೆ ಕಾಲೇಜಿನ ಸಭಾಭವನದಲ್ಲಿ ಮುಂಬಯಿಯ ಜಾಝ್ ಮೇಳ ನುಡಿಸಿತ್ತು. ನಾಲ್ಕೇ ಜನ. ಡ್ರಮ್ಮು ಬಾರಿಸುವವನು ಇದೇ ಊರಿನ ಮುರ್ತುಜಸಾಬ, ಮದುವೆ ಬ್ಯಾಂಡಿನ ಗೌಸಸಾಬನ ಮಗ. ಬಾದಾಮಿ, ಪಟ್ಟದಕಲ್ಲು ನೋಡಲು ಬಂದ ಗೆಳೆಯರನ್ನು ಹಟಮಾಡಿ ತನ್ನೂರಿಗೆ ಎಳೆದು ತಂದಿದ್ದ. ಮುಂಬಯಿಯ ಪತ್ರಿಕೆಗಳು ಅವರದು ಬರೀ ಗದ್ದಲವೆಂದು ತಳ್ಳಿಹಾಕಿದ್ದವು. ಹೀಗೇ ಆದರೆ ಮೇಳ ಒಡೆಯುತ್ತದೆ, ಕಿವಿಗೊಟ್ಟು ಕೇಳಿದವರು ಒಬ್ಬರಾದರೂ ಇದ್ದಾರೆಂದು ತಿಳಿದರೆ ಸಾಕು ಎಂದು ಮುರ್ತುಜ ಹೇಳಿದ್ದ. ಕೇಳಿ ಬರೆಯುತ್ತೇನೆಂದು ಶಿವಸಂಗಪ್ಪ ಮಾತು ಕೊಟ್ಟಿದ್ದ.

ಶುರುವಾದಾಗ ಇನ್ನೂರು ಜನ. ತಾಳ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಅರ್ಧ ಗಂಟೆಯಲ್ಲಿ ನೂರೈವತ್ತು ಜನ ಎದ್ದು ಹೋದರು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಸಭ್ಯವಾಗಿ ನಿದ್ದೆ ಮಾಡಿದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡ ಶಿವಸಂಗಪ್ಪ ಕೊನೆಯವರೆಗೂ ಕಣ್ಣು ಮುಚ್ಚಿ ತಲೆದೂಗಿದ. ಒಳಗೆ ಏನೂ ಆಗಲಿಲ್ಲ. ಅದು ಅವನೊಬ್ಬನಿಗೇ ಗೊತ್ತು.

ಪಡಸಾಲೆಯಲ್ಲಿ ಅಕ್ಕ ಮುತ್ತವ್ವ ಮುಂದಿನ ಸೀರೆಗೆ ಕೊಂಡಿ ಹಾಕುತ್ತಿದ್ದಳು. ಸೀರೆಯ ಮೈಗೆ ಹತ್ತಿಯ ಹಾಸು, ಅಂದರೆ ಉದ್ದದ ಎಳೆಗಳು; ಸೆರಗಿಗೆ ರೇಷ್ಮೆಯ ಹಾಸು. ಎರಡರ ಎಳೆಗಳನ್ನು ಒಂದರ ಕೊರಳಿಗೆ ಒಂದು ಸಿಕ್ಕಿಸಿ ಕೂಡಿಸುವ ಕೆಲಸ. ಸಾವಿರಾರು ಎಳೆ. ಮುರ್ತುಜ ಪಕ್ಕದ ಓಣಿಯ ಹುಡುಗನೆಂದು ನಿನ್ನೆ ಮೇಳ ಕೇಳಲು ಅವಳೂ ಬಂದಿದ್ದಳು. ಬೇಸರ ಬರಲಿಲ್ಲವೇ ಎಂದು ಸುಮ್ಮನೆ ಕೇಳಿದ.

“ಬ್ಯಾಸರ ಯಾಕ? ಅವರು ಕೊಂಡಿ ಹಾಕಾಕತ್ತಿದ್ರು,” ಎಂದಳು ಕೈ ನಿಲ್ಲಿಸದೆ. “ಆ ಊದಾಂವ ಒಂದು ಎಳಿ ಬಿಟ್ಟ. ಎಲ್ಲಿ ಹರೀತೈತೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಮುರ್ತುಜ ಹಿಡದ. ನಿಮಗೆಲ್ಲಾ ಸೀರಿ ಬೇಕಾಗಿತ್ತು ತಮ್ಮಾ. ಅವರು ಕೊಂಡಿ ತೋರಿಸಿದ್ರು.”

ಶಿವಸಂಗಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಇಪ್ಪತ್ತು ನಿಮಿಷ ಪೆನ್ನು ನಿಲ್ಲಲಿಲ್ಲ. ಬರೆಯುತ್ತ ಬರೆಯುತ್ತ ಎಲ್ಲ ತನಗೇ ಹೊಳೆದದ್ದು ಅನಿಸತೊಡಗಿತು. ಎಳೆ, ಕೊಂಡಿ ಎಲ್ಲ ಬಂದವು, ಅಕ್ಕನ ಹೆಸರು ಬರಲಿಲ್ಲ. ಸಂಗೀತ ವಿಮರ್ಶೆಯಲ್ಲಿ ಅಕ್ಕಂದಿರು ಬರುವ ರೂಢಿಯಿಲ್ಲ.

ಬಸ್ ನಿಲ್ದಾಣದಲ್ಲಿ ಮೇಳವೂ ಅದೇ ಬಸ್ಸಿಗೆ ಕಾಯುತ್ತಿತ್ತು. ಲಕೋಟೆ ಅಂಟಿಸುವ ಮೊದಲು ಓದಬಹುದೇ ಎಂದು ಮುರ್ತುಜ ಸಂಕೋಚದಿಂದ ಕೇಳಿದ. ನಿಂತೇ ಓದಿದ, ಗೆಳೆಯರಿಗೆ ಹಿಂದಿಯಲ್ಲಿ ಹೇಳಿದ. ಸ್ಯಾಕ್ಸೊಫೋನಿನವನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಶಿವಸಂಗಪ್ಪನಿಗೆ ಸಂತೋಷವಾಯಿತು, ಯಾರದೋ ಮದುವೆಯಲ್ಲಿ ಹಾರ ಹಾಕಿಸಿಕೊಂಡಂತೆ.

“ಹತ್ತು ವರ್ಷ ಆತ್ರಿ ಸರ, ಈಗ ಒಬ್ಬರಿಗೆ ಕೇಳಿಸ್ತು,” ಎಂದ ಮುರ್ತುಜ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟ. “ಇಲ್ಲಿ ಎಳಿ ಬಿಟ್ಟಿದ್ದು ಬರದೀರಿ. ಎರಡು ಸಲ ಬಿಟ್ಟಿದ್ವಿ. ಒಂದು ಹಿಡದ್ವಿ, ಒಂದು ಬೇಕಂತನ ಹರೀಲಿ ಅಂತ ಬಿಟ್ವಿ. ಹರದದ್ದು ನಿಮಗ ಹೆಂಗ ಅನಿಸ್ತು?”

“ಅದೂ ಚಲೋನ ಇತ್ತು,” ಎಂದ ಶಿವಸಂಗಪ್ಪ, ಬಸ್ಸಿನ ಫಲಕ ಓದುತ್ತ.

ಮುರ್ತುಜ ಹಾಳೆಯ ಮೇಲಿಂದ ಬೆರಳು ತೆಗೆದ. ಹಾಳೆಗಳನ್ನು ಮಡಚಿ ಲಕೋಟೆಗೆ ಹಾಕಿ, ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ.

“ನಿಮ್ಮ ಮುತ್ತಕ್ಕ ಕಡೀತನಕ ಕುಂತಿದ್ಲು, ನಾ ನೋಡಿದ್ನಿ,” ಎಂದ. “ಆಕಿಗೆ ಸಲಾಮ್ ಹೇಳ್ರಿ.”

ಕಂಡಕ್ಟರ್ ಸೀಟಿ ಊದಿದ. ಲಕೋಟೆ ಇನ್ನೂ ಕೈಯಲ್ಲಿತ್ತು; ಒಂದು ಹೆಸರು ಸೇರಿಸಲು ಕಿಸೆಯಲ್ಲಿ ಪೆನ್ನೂ ಇತ್ತು. ಶಿವಸಂಗಪ್ಪ ನಾಲಿಗೆಯಿಂದ ಅಂಟು ಸವರಿ, ಒತ್ತಿ, ಕಂಡಕ್ಟರನ ಕೈಗೆ ಕೊಟ್ಟ.

ದಾರಿಯಲ್ಲಿ ಪ್ರಿನ್ಸಿಪಾಲರು ಸಿಕ್ಕು, ನಿನ್ನೆಯದು ಅದ್ಭುತವೆಂದರು. ಅವನೂ ಅದ್ಭುತವೆಂದ.

ಮನೆಯಲ್ಲಿ ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮುರ್ತುಜನ ಸಲಾಮು ಆಮೇಲೆ ಹೇಳಿದರಾಯಿತು ಎಂದುಕೊಂಡ. ಪಡಸಾಲೆಯ ಮೂಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗದಲ್ಲಿ ಅರ್ಧ ನೇಯ್ದ ಸೀರೆಯಿತ್ತು. ಕಾಲೇಜು ಸೇರಿದ ಮೇಲೆ ಅವನು ಅದನ್ನು ಮುಟ್ಟಿರಲಿಲ್ಲ. ಬೂಟು ಬಿಚ್ಚಿ ಕುಣಿಗೆ ಕಾಲು ಇಳಿಬಿಟ್ಟ. ಹಲಗೆ ತುಳಿದು ಲಾಳಿ ಎಸೆದ.

ಅದು ಆ ದಂಡೆಗೆ ಹೋಗಿ ಬಡಿಯಿತು. ನಿನ್ನೆ ಮುರ್ತುಜ ಎಲ್ಲರನ್ನೂ ಬಿಟ್ಟು ಒಬ್ಬನೇ ಬಾರಿಸಿದ ಪೆಟ್ಟು ಅದೇ. ಮೈ ಜುಮ್ಮೆಂದಿತು. ಮತ್ತೆ ಎಸೆದ, ಮತ್ತೆ ಎಸೆದ. ಈಗ ನನಗೂ ಕೇಳಿಸುತ್ತಿದೆ ಎಂದುಕೊಂಡ.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

“ತಮ್ಮಾ, ಲಾಳ್ಯಾಗ ನೂಲಿಲ್ಲ,” ಎಂದಳು ಅಕ್ಕ, ಸಪ್ಪಳ ಕೇಳಿಯೇ, ಅಲ್ಲಿಂದಲೇ.

ಸೊಂಟದ ತನಕ ಕುಣಿಯಲ್ಲಿ ಇಳಿದು ಕೂತಿದ್ದವನು ಇನ್ನೊಮ್ಮೆ ಎಸೆದ. ಲಾಳಿ ಸಾವಿರ ಎಳೆಗಳ ನಡುವೆ ಹಾದು, ಆ ದಂಡೆಗೆ ಬಡಿದು, ತನ್ನ ಹಿಂದೆ ಒಂದೆಳೆಯನ್ನೂ ಬಿಡದೆ ಅವನ ಕೈಗೆ ಮರಳಿ ಬಂತು.